ಅರಿಶಿನ ಗಿರಣಿಯ ಹಳದಿ ಕೈಗಳು

ಅಳಿಯನಿಗೆ ರೇಗಿಹೋಗಿತ್ತು. ಬೆಳಗಿನಿಂದ ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಅರಿಶಿನ ಪುಡಿಯನ್ನು ತಟ್ಟೆಗೆ ಹರಡಿ ಕ್ಯಾಮೆರಾ ಕೆಳಗೆ ಇಟ್ಟದ್ದೇ ಇಟ್ಟದ್ದು. ಕಣ್ಣಿಗೆ ಎಲ್ಲವೂ ಒಂದೇ ಹಳದಿ. ಆದರೆ ಒಂದೊಂದು ವಸ್ತು ಬೆಳಕನ್ನು ಒಂದೊಂದು ರೀತಿ ಹಿಂತಿರುಗಿಸುವುದರಿಂದ, ಆ ಕ್ಯಾಮೆರಾ ಅರಿಶಿನವನ್ನು ಪರದೆಯ ಮೇಲೆ ನೀಲಿಯಾಗಿಯೂ ಕಲಬೆರಕೆಯ ವಿಷಬಣ್ಣವನ್ನು ಕೆಂಪಾಗಿಯೂ ತೋರಿಸುತ್ತಿತ್ತು. ಗಿರಣಿಯೊಂದರ ಪೊಟ್ಟಣಗಳಲ್ಲಿ ಕೆಂಪು ಚುಕ್ಕಿ ಎದ್ದು ಕಾಣುತ್ತಿತ್ತು. ಹಾಕಿದವರು ಯಾರೆಂದು ಮಾತ್ರ ಹಾಳು ಯಂತ್ರ ಬಾಯಿಬಿಡುತ್ತಿರಲಿಲ್ಲ.

ಗಿರಣಿಯ ಒಡತಿ ಕಣ್ಣೊರೆಸಿಕೊಳ್ಳುತ್ತ ಎದುರಿಗೇ ಕೂತಿದ್ದಳು. "ಬೀಸೋ ಅಜ್ಜಂದೇ ಕೆಲಸ. ಅವನನ್ನ ಪೊಲೀಸರಿಗೆ ಹಿಡ್ಕೊಡಿ, ಇಲ್ದಿದ್ರೆ ನನ್ನ ಲೈಸೆನ್ಸ್ ಹೋಗತ್ತೆ. ನನಗೆ ಧೂಳಂದ್ರೆ ಕೆಮ್ಮು, ಗಿರಣಿ ಒಳಗೆ ಕಾಲೂ ಇಡಲ್ಲ. ವಾಪಸ್ ಬರ್ತಿದ್ದ ಮಾಲು ಈಗಷ್ಟೇ ಓಡೋಕೆ ಶುರುವಾಗಿತ್ತು!"

ಪ್ರಯೋಗಾಲಯದ ಮುಖ್ಯಸ್ಥೆ ಅಳಿಯನ ಹೆಂಡತಿಯ ತಾಯಿಯೇ. ಊರಿಗೆಲ್ಲ ಕಲಬೆರಕೆ ಅತ್ತೆ. ಆಕೆ ಪರದೆಗೆ ಮೂಗು ತಾಗಿಸಿ ನೋಡಿದಳು.

"ಅಳಿಯಂದ್ರೇ, ಚುಕ್ಕಿ ಎಷ್ಟು ದಪ್ಪ ಇದೆ ನೋಡಿದ್ರಾ?"

"ನೋಡಿ ನೋಡಿ ನನ್ನ ಕಣ್ಣೇ ಕೆಂಪಾಗಿದೆ ಅತ್ತೆ!"

"ಹಾಗಾದ್ರೆ ಕ್ಯಾಮೆರಾ ಎತ್ಕೊಳ್ಳಿ, ಗಿರಣಿಗೆ ಹೋಗೋಣ."

ಗಿರಣಿಯ ಅಂಗಳದಲ್ಲಿ ಬೀಸುವ ಅಜ್ಜ, ಜರಡಿಯವಳು, ಒಡತಿ ಮೂವರೂ ಸೇರಿದರು. ಅಂಗೈ ತೋರಿಸಿ ಎಂದಳು ಅತ್ತೆ. ಅಜ್ಜ ಮೊದಲು ಕೈ ಚಾಚಿದ. ಪರದೆಯ ಮೇಲೆ ಅದು ಬರೀ ನೀಲಿ. ಜರಡಿಯವಳದೂ ನೀಲಿ. ಇಷ್ಟು ಭಾರ ಹೊತ್ತು ತಂದದ್ದು ಇದಕ್ಕೇನು ಎಂದು ಅಳಿಯ ತಲೆ ಚಚ್ಚಿಕೊಂಡ.

ಅಷ್ಟರಲ್ಲಿ ಒಡತಿ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಕೊಡಮ್ಮ," ಎಂದಳು ಅತ್ತೆ. ತೊಳೆದ ಕೈಯೇ, ಆದರೆ ಪರದೆಯ ಮೇಲೆ ಉಗುರಿನ ಸಂದಿಯೆಲ್ಲ ಕೆಂಪು.

"ಚುಕ್ಕಿಗಳು ಜರಡಿಯ ಕಣ್ಣಿಗಿಂತ ದಪ್ಪ. ಬೀಸುವಾಗ ಹಾಕಿದ್ರೆ ಗಂಟುಗಳು ಜರಡಿಯಲ್ಲೇ ಉಳೀತಿದ್ವು. ಅಂದ್ರೆ ಬಣ್ಣ ಬಿದ್ದಿದ್ದು ಆಮೇಲೆ, ಜರಡಿ ಹಿಡಿದ ಪುಡಿ ತುಂಬಿಡೋ ಬೀಗದ ಡಬ್ಬಿಗೆ. ಅಲ್ಲಿಂದ ಪೊಟ್ಟಣಕ್ಕೆ ಯಂತ್ರವೇ ತುಂಬತ್ತೆ. ಡಬ್ಬಿ ಕೀ ಯಾರ ಸೊಂಟದಲ್ಲಿದೆ? ಒಳಗೇ ಬರದವಳ ಉಗುರಿಗೆ ಬಣ್ಣ ಹೇಗೆ ಬಂತು? ವಾಪಸ್ ಬರ್ತಿದ್ದ ಮಾಲು ಇದ್ದಕ್ಕಿದ್ದಂತೆ ಯಾಕೆ ಓಡ್ತು?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಡತಿ ಕುಸಿದು ಕೂತಳು. "ಶುದ್ಧವಾದದ್ದನ್ನೇ ಕೊಟ್ಟೆ ಅಮ್ಮ. ಬಣ್ಣ ಇಲ್ಲ, ಇದು ಕಲಬೆರಕೆ ಅಂತ ಅಂಗಡಿಯವರು ಮುಖಕ್ಕೆ ಎಸೆದ್ರು. ವಿಷ ಹಾಕಿದ ಮೇಲೆ, ಈಗ ಅಸಲಿ ಅಂದ್ರು!"

"ಅದಕ್ಕೆ ನನ್ನನ್ನ ಜೈಲಿಗೆ ಕಳಿಸ್ತಿದ್ರಾ ತಾಯಿ?" ಎಂದ ಅಜ್ಜ.

ಗಿರಣಿಗೆ ಬೀಗ ಬಿತ್ತು. ಅಜ್ಜನಿಗೆ ಜೈಲು ತಪ್ಪಿತು, ಆದರೆ ಕೆಲಸ ಉಳಿಯಲಿಲ್ಲ. ಗೆದ್ದರೂ ಅಳಿಯನಿಗೆ ಸಮಾಧಾನವಾಗಲಿಲ್ಲ. ಸುಸ್ತಾಗಿ ಮನೆಗೆ ಬಂದರೆ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

"ರೀ, ಅಮ್ಮ ಪರೀಕ್ಷೆ ಮಾಡಿ ಕಳಿಸಿದ ಅರಿಶಿನ ಯಾಕೋ ಪೇಲವ. ನಾಳೆ ಅಂಗಡಿಯಿಂದ ಚೆನ್ನಾಗಿ ಬಣ್ಣ ಇರೋದು ತನ್ನಿ."