ಸುಡಬೇಕಿದ್ದ ಚೀಟಿಗಳು

ದುರುಗಮ್ಮ ಅಳಲಿಲ್ಲ, ಬೈದಳು. ಶುಕ್ರವಾರದ ಉರಿಬಿಸಿಲಲ್ಲಿ ಬಳ್ಳಾರಿ ಕೋಟೆಗುಡ್ಡದ ಕೆಳಗಿನ ನಮ್ಮ ಓಣಿಗೆ ಬರಿಗಾಲಲ್ಲಿ ಬಂದವಳು, ವೆಂಕೂಬಾಯಿಯವರ ಪಡಸಾಲೆಯಲ್ಲಿ ನಿಂತು ಒಂದೇ ಉಸಿರಿಗೆ ಶುರುಮಾಡಿದಳು.

"ಧೈರ್ಯ ಕಲಸ್ತೀವಿ ಅಂತ ನನ್ನ ಮಗನ್ನ ಕರಕೊಂಡು ಹೋದ್ರು. ಈಗ ಅವನ್ನ ಎಲ್ಲಾರ ಮುಂದ ಕಳ್ಳ ಅಂದಾರ. ಹುಡುಗ ಎಂಟು ದಿನದಿಂದ ಉಂಡಿಲ್ಲ, ಗೋಡಿ ಕಡಿ ಮುಖಾ ಮಾಡಿ ಮಲಗ್ಯಾನ. ಹಿಂಗ ಬಿಟ್ರ ಅವ ಉಳಿಯಂಗಿಲ್ರಿ ತಾಯಿ!"

"ಕೂಡ್ರು," ಎಂದರು ವೆಂಕೂಬಾಯಿ. "ನೀರು ಕುಡಿ. ಆಮ್ಯಾಲೆ ಮೊದಲಿಂದ ಹೇಳು."

ಈ ಹೆಂಗಸಿನ ಬಗ್ಗೆ ಎರಡು ಮಾತು ಹೇಳಬೇಕು. ವೆಂಕೂಬಾಯಿ ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಬೆರಳಚ್ಚು ಮಾಡಿ ನಿವೃತ್ತರಾದವರು. ಅಷ್ಟು ಸುಳ್ಳುಗಳನ್ನು ಅಕ್ಷರ ಬಿಡದೆ ಬರೆದುಕೊಂಡವರು ಬಳ್ಳಾರಿಯಲ್ಲಿ ಇನ್ನೊಬ್ಬರಿಲ್ಲ. ನಾನು ಭೀಮರಾಜ, ನಿವೃತ್ತ ಹೆಡ್ ಕಾನ್ಸ್‌ಟೇಬಲ್, ಅವರ ಮಾಳಿಗೆಯ ಬಾಡಿಗೆದಾರ. ಪೊಲೀಸಿನವನು ನಾನು, ಪತ್ತೆ ಮಾಡುವವರು ಅವರು. ಇದರಿಂದ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ನೀವೂ ನಂಬುವುದಿಲ್ಲ, ಬಿಡಿ.

ದುರುಗಮ್ಮ ಹೇಳಿದ ಸಂಗತಿ ಇದು. 'ದಿಟ್ಟ ಹೆಜ್ಜೆ' ಎಂಬ ಬಳಗ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಯುವಕ ಯುವತಿಯರಿಗೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು, ಮುಂದಾಳಾಗುವುದನ್ನು ಕಲಿಸುತ್ತಿತ್ತು. ಅಲ್ಲೊಂದು ರೂಢಿ. ವರ್ಷದ ಮೊದಲ ಶಿಬಿರದಲ್ಲಿ ಪ್ರತಿಯೊಬ್ಬರೂ ತಮ್ಮ ದೊಡ್ಡ ಹೆದರಿಕೆಯನ್ನು ಹಳದಿ ಚೀಟಿಯಲ್ಲಿ ಬರೆದು, ಮಡಿಸಿ, ಮೇಲೆ ಹೆಸರು ಹಾಕಿ ತಗಡಿನ ಡಬ್ಬಿಗೆ ಹಾಕಬೇಕು. ವರ್ಷದ ಕೊನೆಗೆ ಆ ಚೀಟಿಗಳನ್ನು ಬಿಚ್ಚದೆ, ಓದದೆ, ಎಲ್ಲರೆದುರು ಬೆಂಕಿಗೆ ಹಾಕುತ್ತಾರೆ. ಅದೇ ದಿನ ಮೂರೂ ಊರಿಗೆ ಒಬ್ಬ ಮುಂದಾಳನ್ನು ಆರಿಸುತ್ತಾರೆ. ಡಬ್ಬಿಯ ಕೀಲಿ ದುರುಗಮ್ಮನ ಮಗ ದುರ್ಗೇಶ್‌ನ ಹತ್ತಿರ ಇತ್ತು.

ಈ ಸಲ, ಸುಡುವ ದಿನ ಹತ್ತಿರ ಬರುತ್ತಿದ್ದಂತೆ, ಆರಿಸಿಬರಬಹುದಾದವರಿಗೆ ಹಳದಿ ಚೀಟಿಗಳು ಬರತೊಡಗಿದವು. ರಾರಾವಿಯ ಪಂಪಾವತಿಯ ಚೀಲದಲ್ಲಿ ಸಿಕ್ಕಿದ್ದು: 'ನಿಮ್ಮಣ್ಣನ ಬಾಜೂಕ ಹೊಳ್ಯಾಗ ನಿನಗೂ ಜಾಗ ಐತಿ.' ಅವಳ ಅಣ್ಣ ಹೊಳೆಯಲ್ಲಿ ಮುಳುಗಿ ಸತ್ತಿದ್ದ. ಬಳ್ಳಾರಿಯ ಹುಲುಗೇಶ್‌ಗೆ ಮುಚ್ಚಿದ ಕೋಣೆ ಎಂದರೆ ಜೀವ ಹೋಗುತ್ತಿತ್ತು. ಅವನಿಗೆ ಬಂದದ್ದು: 'ಬಾಗಿಲ ಮುಚ್ಚತೈತಿ. ತಗ್ಯಾಕ ಯಾರೂ ಬರಂಗಿಲ್ಲ.' ಮೂರು ದಿನದ ಮೇಲೆ, ಬಳ್ಳಾರಿ ಕಚೇರಿಯಲ್ಲಿ ಭಾಷಣದ ತಾಲೀಮು ನಡೆದಾಗ, ಯಾರೋ ಅವನನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿ ಚಿಲಕ ಹಾಕಿದರು. ಅವನು ಬೆರಳು ಒಡೆಯುವ ತನಕ ಬಾಗಿಲು ಬಡಿದಿದ್ದಾನೆ. ಸಭಾಂಗಣದಲ್ಲಿ ಎಲ್ಲರೂ 'ನಾನು ಹೆದರುವುದಿಲ್ಲ' ಎಂದು ಒಟ್ಟಿಗೆ ಕೂಗುತ್ತಿದ್ದರಿಂದ ಯಾರಿಗೂ ಕೇಳಿಸಿಲ್ಲ. ಎರಡು ತಾಸಿನ ಮೇಲೆ ಪ್ರಜ್ಞೆಯಿಲ್ಲದೆ ಸಿಕ್ಕ.

ಮೂರನೆಯ ಚೀಟಿ ಬಾದನಹಟ್ಟಿಯ ಜಯಶ್ರೀಗೆ: 'ಹಾಸಿಗಿ ಝಾಡಿಸಿ ಮಲಗು. ಹಾವು ಬಂದೈತಿ.' ಕೀಲಿ ಇದ್ದವನು ದುರ್ಗೇಶ್, ಅವನೂ ಮುಂದಾಳಿನ ಸರದಿಯಲ್ಲಿದ್ದವನು. ಬಳಗದ ಹಿರಿಯ ಪ್ರಹ್ಲಾದರಾಯರು ತುಂಬಿದ ಸಭೆಯಲ್ಲಿ, "ಕಳ್ಳ ನಮ್ಮ ಮನ್ಯಾಗ ಇದ್ದಾನ, ಅವನ ಹೆಸರು ದುರ್ಗೇಶ್," ಎಂದುಬಿಟ್ಟರು. ಭಾನುವಾರ ಕುರುಗೋಡಿನಲ್ಲಿ ಚೀಟಿ ಸುಟ್ಟ ಮೇಲೆ ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನ.

"ಎರಡು ದಿನ ಅದ," ಎಂದರು ವೆಂಕೂಬಾಯಿ. "ಭೀಮಣ್ಣ, ಚಪ್ಪಲಿ ಹಾಕ್ಕೋರಿ."

ಸಂಜೆ ಬಳಗದ ಕಚೇರಿಗೆ ಹೋದೆವು. ಪ್ರಹ್ಲಾದರಾಯರು ನಿವೃತ್ತ ಮೇಷ್ಟ್ರು, ಒಳ್ಳೆಯವರೇ. ಆದರೆ ತಾವು ಹೇಳಿದ ಮಾತು ತಪ್ಪಿರಬಹುದು ಎಂಬ ಯೋಚನೆ ಆ ತಲೆಯ ಹತ್ತಿರವೂ ಸುಳಿದಿರಲಿಲ್ಲ. ತರಬೇತಿ ಕೊಡುವ ಅಕ್ಷೋಭ್ಯ ಮಾತ್ರ ತಡವರಿಸುತ್ತಿದ್ದ.

"ಚೀಟಿ ಬರಿಯೋಕಿಂತ ಮೊದಲು ಏನು ಮಾಡಸ್ತೀರಿ?" ಎಂದು ವೆಂಕೂಬಾಯಿ ಕೇಳಿದರು.

"ಬೆನ್ನುಮಾತು ಅಂತ ಅದರಿ. ಇಪ್ಪತ್ನಾಲ್ಕು ಮಂದಿನೂ ಕಣ್ಣು ಕಟ್ಟಿ, ಬೆನ್ನಿಗೆ ಬೆನ್ನು ಕೊಟ್ಟು ಕೂಡಸ್ತೀವಿ. ಒಬ್ರು ತಮ್ಮ ಹೆದರಿಕಿ ಹೇಳ್ತಾರ, ಇನ್ನೊಬ್ರು ಸುಮ್ನ ಕೇಳ್ತಾರ. ಜೋಡಿ ಬದಲಾಯಿಸ್ತಾ ಇರ್ತೀವಿ. ಕೇಳಿದವರು ಯಾರು ಅಂತ ಹೇಳಿದವರಿಗೆ ಗೊತ್ತಾಗಂಗಿಲ್ಲ."

"ಆದರ ಕೇಳಿದವರಿಗೆ ದನಿ ಗುರುತು ಸಿಗ್ತದ. ಆವಾಗ ದುರ್ಗೇಶ್ ಎಲ್ಲಿದ್ದ?"

"ಡಬ್ಬಿ ಕಾಯೋದು ಅವನ ಕೆಲಸ. ಹೊರಗ, ಗೇಟಿನ ಹತ್ರ ಕೂತಿದ್ದ."

"ನೀವು?"

ಅಕ್ಷೋಭ್ಯ ಬೆವರು ಒರೆಸಿಕೊಂಡ. "ನಾ ನಡುವ ಅಡ್ಡಾಡ್ತಿದ್ದೆ. ಕಿವಿಗೆ ಬೀಳ್ತದ, ಏನು ಮಾಡಲಿ?"

ಹೊರಬಂದ ಕೂಡಲೇ ನಾನು, "ಇವನ ನೋಡ್ರಿ ಬಾಯಾರ, ಅನುಮಾನ ಇಲ್ಲ," ಎಂದೆ.

"ಭೀಮಣ್ಣ, ಬೆವರಿದವರನ್ನೆಲ್ಲ ಹಿಡಿಯೋದಾದರ ಬಳ್ಳಾರಿಯೊಳಗ ಜೈಲು ಸಾಲಂಗಿಲ್ಲ," ಎಂದು ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಸಿರುಗುಪ್ಪ, ಅಲ್ಲಿಂದ ಆಟೋದಲ್ಲಿ ರಾರಾವಿ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು, ಪಂಪಾವತಿಯ ಮನೆಯಲ್ಲಿ ಮಾತ್ರ ಕಿಟಕಿ ಬಾಗಿಲು ಎಲ್ಲ ಬಂದ್. ಹುಡುಗಿ ಮೂಲೆಯಲ್ಲಿ ಕೂತಿದ್ದಳು. ಬಟ್ಟೆ ಒಗೆಯಲು ಸಹ ಹೊರಗೆ ಹೋಗುವುದಿಲ್ಲವಂತೆ. ಈ ವರ್ಷ ಸಾವಿರ ಜನರ ಎದುರು ಮಾತಾಡಿದ್ದ ಹುಡುಗಿ ಈಗ ನೀರಿನ ಕೊಡದ ಸದ್ದಿಗೂ ಬೆಚ್ಚುತ್ತಿದ್ದಳು.

"ಡಬ್ಬಿಗೆ ಹಾಕಿದ ಚೀಟ್ಯಾಗ ಅಣ್ಣನ ವಿಷಯ ಬರದಿದ್ದ್ಯಾ ಮಗಳ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಇಲ್ರಿ. ಬರ್ಯಾಕ ಕೈನ ಬರ್ಲಿಲ್ಲ. ಖಾಲಿ ಚೀಟಿ ಮಡಚಿ ಹಾಕಿದೆ. ಯಾರಿಗೂ ಹೇಳಬ್ಯಾಡ್ರಿ, ಬೈತಾರ."

"ಬೆನ್ನುಮಾತಿನೊಳಗ?"

"ಹೇಳಿದ್ದೆ. ಯಾರಿಗೆ ಅಂತ ಗೊತ್ತಿಲ್ಲ."

ವೆಂಕೂಬಾಯಿ ಅವಳ ತಲೆ ಸವರಿ, "ನಾಳೆ ಕುರುಗೋಡಿಗೆ ಬಾ. ನಿಮ್ಮವ್ವನ್ನ ಕರಕೊಂಡು ಬಾ," ಎಂದರು.

ಸಂಜೆ ಬಾದನಹಟ್ಟಿ. ಜಯಶ್ರೀ ನಮ್ಮನ್ನು ಕಂಡು ಓಡಿಬಂದಳು. ಚುರುಕಾದ ಹುಡುಗಿ, ಕಣ್ಣು ಕೆಂಪಾಗಿತ್ತು. "ಚಾ ಮಾಡ್ತೀನಿ, ಕೂಡ್ರಿ," ಎಂದು ಹಿತ್ತಲಿಗೆ ಹೋಗಿ, ಆಳೆತ್ತರದ ಹತ್ತಿಕಟ್ಟಿಗೆಯ ರಾಶಿಯೊಳಗೆ ಹೆಗಲ ತನಕ ಕೈ ತೂರಿಸಿ ಒಂದು ಹಿಡಿ ಎಳೆದು ತಂದಳು. ಅಂಗಳದ ಒಲೆಯ ಮುಂದೆ ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಚಹಾ ಕಾಸುತ್ತಲೇ ಮಾತಾಡಿದಳು.

"ಯಾವಾಗ ಏನಾಗತೈತೋ ಅಂತ ನಿದ್ದಿ ಇಲ್ರಿ. ಆ ಡಬ್ಬಿ ಲಗೂನ ಸುಟ್ಟುಬಿಡ್ರಿ ಅಂತ ರಾಯರಿಗೆ ಹೇಳೇನಿ. ಇನ್ನ ಎಷ್ಟು ಮಂದೀದು ಓದ್ಯಾನೋ ದುರ್ಗೇಶ್!"

"ಚೀಟ್ಯಾಗ ನೀ ಬರದದ್ದು ಹಾವು ಅಂತನಾ?"

"ಹೌದ್ರಿ, ಹಾವು ಅಂತನ. ಬೆನ್ನುಮಾತಿನ್ಯಾಗ ನಾ ಯಾರಿಗೂ ಏನೂ ಹೇಳ್ಲಿಲ್ಲ, ಬರೇ ಕೇಳಿಸ್ಕೊಂಡೆ. ಹಾವಿನ ವಿಷಯ ಆ ಡಬ್ಬಿಗೆ ಬಿಟ್ಟು ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲ."

ಚಹಾ ಚೆನ್ನಾಗಿತ್ತು. ಹೊರಡುವಾಗ ನಾನು, "ಹೆದರಬ್ಯಾಡ ಮಗಳ, ನಾವು ಅದೀವಿ," ಎಂದೆ. ಪಾಪ ಅನ್ನಿಸಿತ್ತು. ಆದರೆ ಹುಡುಗಿಯ ಮಾತಿನಿಂದ ದುರ್ಗೇಶ್ ಬಿದ್ದಿದ್ದ ಗುಂಡಿ ಇನ್ನೂ ಆಳವಾಯಿತು. ಹಾವು ಡಬ್ಬಿಯಲ್ಲಿ ಮಾತ್ರ ಇತ್ತು ಎಂದರೆ ಡಬ್ಬಿ ತೆರೆದವನು ದುರ್ಗೇಶ್ ತಾನೇ? ವಾಪಸು ಬಸ್ಸಿನಲ್ಲಿ ಕೇಳಿದೆ. ವೆಂಕೂಬಾಯಿ ಕಿಟಕಿಯ ಕಡೆ ಮುಖ ಮಾಡಿ, "ಅದನ್ನ ಡಬ್ಬೀನ ಹೇಳಬೇಕು," ಎಂದರಷ್ಟೆ. ಅವರ ಮುಖದಲ್ಲಿ ನಗು ಇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಕುರುಗೋಡಿನ ಸಭಾಂಗಣ ತುಂಬಿತ್ತು. ಅಂಗಳದ ಕಬ್ಬಿಣದ ಬಾಣಲೆಯಲ್ಲಿ ಆಗಲೇ ಬೆಂಕಿ ಎದ್ದಿತ್ತು. ಗೋಡೆಗೆ ಒರಗಿ ದುರ್ಗೇಶ್ ನಿಂತಿದ್ದ, ಅವನ ಸುತ್ತ ನಾಲ್ಕು ಮಾರು ಜಾಗ ಖಾಲಿ. ತಾಯಿಯೊಬ್ಬಳೇ ಪಕ್ಕದಲ್ಲಿ. ಹುಲುಗೇಶ್ ಬೆರಳಿಗೆ ಪಟ್ಟಿ ಸುತ್ತಿಕೊಂಡು ಅಪ್ಪನ ಜೊತೆ ಬಂದಿದ್ದ, ತೆರೆದ ಬಾಗಿಲ ಪಕ್ಕವೇ ಕೂತಿದ್ದ. ಪ್ರಹ್ಲಾದರಾಯರು ಡಬ್ಬಿ ಎತ್ತಿಕೊಂಡು ಬೆಂಕಿಯ ಕಡೆ ಹೊರಟರು.

"ರಾಯರ, ಬೆಂಕಿ ಆರಸ್ರಿ," ಎಂದರು ವೆಂಕೂಬಾಯಿ.

"ನಮ್ಮ ನಿಯಮ ಅದ ಬಾಯಾರ. ಹನ್ನೊಂದು ವರ್ಷದಿಂದ ಒಂದು ಚೀಟಿನೂ ಬಿಚ್ಚಿಲ್ಲ."

"ಆ ನಿಯಮವನ್ನ ನಂಬೇ ಒಬ್ಬರು ಈ ಕೆಲಸ ಮಾಡ್ಯಾರ. ಬರದವರೇ ತಮ್ಮ ಚೀಟಿ ಬಿಚ್ಚಿದರ ನಿಯಮ ಮುರಿಯಂಗಿಲ್ಲ. ಪಂಪಾವತಿ, ಬಾ ಮಗಳ."

ರಾಯರು ಡಬ್ಬಿಯ ಕೀಲಿ ತೆಗೆದರು. ಪಂಪಾವತಿ ತನ್ನ ಹೆಸರಿನ ಚೀಟಿ ಬಿಚ್ಚಿ ಎತ್ತಿ ಹಿಡಿದಳು. ಖಾಲಿ. ಸಭೆಯಲ್ಲಿ ಗುಸುಗುಸು ಎದ್ದಿತು.

"ಡಬ್ಬಿಯೊಳಗ ಹೊಳಿ ಸುದ್ದೀನ ಇಲ್ಲ," ಎಂದರು ವೆಂಕೂಬಾಯಿ. "ಅಂದ ಮ್ಯಾಲೆ ಡಬ್ಬಿ ತೆಗೆದವರು ಆ ಬೆದರಿಕಿ ಬರದಿಲ್ಲ. ಆಕಿ ಅಣ್ಣನ ಮಾತು ಹೇಳಿದ್ದು ಬೆನ್ನುಮಾತಿನೊಳಗ ಮಾತ್ರ. ಆವಾಗ ದುರ್ಗೇಶ್ ಗೇಟಿನ ಹತ್ರ ಕೂತಿದ್ದ. ಅವನ ಕಿವಿಗೆ ಬೀಳಲಿಕ್ಕೆ ಸಾಧ್ಯ ಇಲ್ಲ."

ಎಲ್ಲರ ಕಣ್ಣು ಅಕ್ಷೋಭ್ಯನ ಕಡೆ ತಿರುಗಿತು. ನನ್ನ ಕಣ್ಣೂ ತಿರುಗಿತು, ಯಾಕೆ ಸುಳ್ಳು ಹೇಳಲಿ?

"ಅವರೂ ಅಲ್ಲ. ಬೆನ್ನುಮಾತು ಕೇಳಿ ಬರದವರು ಅವರಾಗಿದ್ದರ ಮೂರನೇ ಚೀಟಿ ಹುಟ್ಟತಿರಲಿಲ್ಲ. ಜಯಶ್ರೀ ಅಲ್ಲಿ ಬಾಯಿನ ಬಿಟ್ಟಿಲ್ಲ. ಹಾವಿನ ಹೆದರಿಕಿ ಇರೋದು ಡಬ್ಬಿಯೊಳಗ ಮಾತ್ರ ಅಂತ ಆಕಿನ ಹೇಳ್ಯಾಳ. ನಾ ಕೇಳದ ಪ್ರಶ್ನೆಗೂ ಉತ್ತರ ಕೊಟ್ಟು ಹೇಳ್ಯಾಳ. ಬಾ ಮಗಳ, ನಿನ್ನ ಚೀಟಿ ಬಿಚ್ಚು."

ಜಯಶ್ರೀ ಕದಲಲಿಲ್ಲ. "ಬ್ಯಾಡ್ರಿ. ಅದು ನನ್ನ ಸ್ವಂತದ್ದು."

"ಹಾವು ಅಂತ ಇದ್ದರ ಅದು ಎಲ್ಲಾರಿಗೂ ಗೊತ್ತಾಗೇದ, ಮುಚ್ಚಿಡಲಿಕ್ಕೆ ಏನದ? ನಿನ್ನೆ ಕಟ್ಟಿಗಿ ರಾಶಿಯೊಳಗ ತಟ್ಟದ, ಬಡಿಯದ, ಹೆಗಲ ತನಕ ಕೈ ಹಾಕಿದಿ. ಹಾವಿಗೆ ಹೆದರೋರು ಸತ್ತರೂ ಹಂಗ ಹಾಕಂಗಿಲ್ಲ. ಚೀಟ್ಯಾಗ ಹಾವು ಇಲ್ಲದಿದ್ದರ, ಬಾಯಿಂದ ಯಾರಿಗೂ ಹೇಳದಿದ್ದರ, ಆ ಹಾವು ಎಲ್ಲಿಂದ ಬಂತು? ಬೆದರಿಸಿದವರು ಸುಳ್ಳು ಹೆದರಿಕಿ ಬರದಾರ. ಬೆದರಿಸಿಕೊಂಡಾಕಿ 'ಹೌದು, ಖರೇನ' ಅಂದಾಳ. ಹಂಗ ಅನ್ನಬೇಕಾದರ ಬರದಾಕಿನೂ ಆಕಿನ ಆಗಿರಬೇಕು. ಉಳಿದಿಬ್ಬರ ಹೆದರಿಕಿ ಆಕಿ ಬೆನ್ನುಮಾತಿನೊಳಗ ಕೇಳಿಸ್ಕೊಂಡದ್ದು."

ಜಯಶ್ರೀ ಎದ್ದು ಬಂದು ಡಬ್ಬಿಯಿಂದ ತನ್ನ ಚೀಟಿ ತೆಗೆದಳು. ಹರಿದು ಹಾಕುತ್ತಾಳೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಹರಿಯಲಿಲ್ಲ, ಓದಿದಳು. ಆ ಬಳಗ ಕಲಿಸಿದ ಸ್ಪಷ್ಟ ದನಿಯಲ್ಲಿ, ಕೊನೆಯ ಸಾಲಿನವರಿಗೂ ಕೇಳುವಂತೆ ಓದಿದಳು.

"'ವೇದಿಕಿ ಮ್ಯಾಲೆ ಇದ್ದಾಗ ಮಾತ್ರ ಮಂದಿ ನನ್ನ ನೋಡ್ತಾರ. ಇನ್ನೊಬ್ರು ಆ ಜಾಗಕ್ಕ ಬಂದ್ರ ನನ್ನ ಹೆಸರು ಯಾರೂ ಕರ್ಯಂಗಿಲ್ಲ. ಅದ ನನ್ನ ಹೆದರಿಕಿ.'"

"ಹುಲುಗೇಶ್‌ನ ಚಿಲಕ?" ಎಂದೆ ನಾನು.

"ಹತ್ತು ನಿಮಿಷ ಅಂದ್ಕೊಂಡಿದ್ದೆ. ಹೆದರಿ ಬಿಟ್ಟುಹೋಗ್ಲಿ ಅಂತ."

"ಮರತೆ?"

"ಮರೀಲಿಲ್ಲ. ನನ್ನ ಸರದಿ ಬಂತು, ಮಾತಾಡಾಕ ಹತ್ತಿದೆ. ಎಲ್ಲಾರೂ ಚಪ್ಪಾಳಿ ಹೊಡದ್ರು. ಆ ಚಪ್ಪಾಳ್ಯಾಗೂ ಬಾಗಿಲ ಬಡಿಯೋದು ನನಗ ಕೇಳಸ್ತಿತ್ತು. ಕೆಳಗಿಳಿಯಾಕ ಮನಸ್ಸಾಗ್ಲಿಲ್ಲ."

ಹುಲುಗೇಶ್‌ನ ಅಪ್ಪ ಹಲ್ಲು ಕಚ್ಚಿ ಎದ್ದ. ನಾನು ಅವನನ್ನು ತಡೆದು ಠಾಣೆಗೆ ಫೋನು ಮಾಡಿದೆ. ಹಿಂದಿನ ದಿನ ಮಗಳೇ ಎಂದು ಕರೆದವಳ ಮೇಲೆ ಈಗ ನಾನೇ ದೂರು ಹೇಳಿದೆ. ಹುಡುಗಿ ಕುರ್ಚಿಯಲ್ಲಿ ಕೂತು ಚೀಟಿಯನ್ನು ಮತ್ತೆ ಮತ್ತೆ ಮಡಿಸುತ್ತಿದ್ದಳು. ಅವಳ ಹತ್ತಿರ ಹೋಗಿ ಕೂತವಳು ಪಂಪಾವತಿಯ ತಾಯಿ ಒಬ್ಬಳೇ. ಅದು ಯಾಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಜನ ಎದ್ದು ಹೊರಡತೊಡಗಿದರು. ಪ್ರಹ್ಲಾದರಾಯರು ಕೈ ಜೋಡಿಸಿಕೊಂಡು ದುರ್ಗೇಶ್‌ನ ಹತ್ತಿರ ಬಂದು, "ತಪ್ಪಾತಪ್ಪಾ," ಎಂದು ಪಿಸುಗುಟ್ಟಿದರು.

ದುರುಗಮ್ಮ ಅಡ್ಡ ನಿಂತಳು. "ಕಿವ್ಯಾಗ ಯಾಕ ಹೇಳ್ತೀರಿ ಸಾರ್? ಕಳ್ಳ ಅಂದಿದ್ದು ಎಲ್ಲಾರ ಮುಂದ. ಅಲ್ಲ ಅನ್ನೋದೂ ಎಲ್ಲಾರ ಮುಂದ ಅನ್ರಿ. ಯಾರೂ ಹೋಗಬ್ಯಾಡ್ರಿ, ಕೂಡ್ರಿ!"

ಜನ ಕೂತರು. ರಾಯರು ವೇದಿಕೆ ಹತ್ತಿದರು. ಹನ್ನೊಂದು ವರ್ಷ ನೂರಾರು ಮಕ್ಕಳಿಗೆ ಮಾತು ಕಲಿಸಿದವರು ಜನರನ್ನು ನೋಡದೆ ನೆಲ ನೋಡುತ್ತ ನಿಂತರು. "ದುರ್ಗೇಶ್ ಕಳ್ಳ ಅಲ್ಲ," ಎಂದರು.

"ಕೇಳಸ್ಲಿಲ್ರಿ," ಎಂದಳು ದುರುಗಮ್ಮ.

ಅವರು ಮತ್ತೊಮ್ಮೆ ಹೇಳಿದರು.

"ಅವತ್ತು ರೋಡಿನ ತನಕ ಕೇಳಿತ್ತು."

ಮೂರನೆಯ ಸಲ ರಾಯರು ಕೂಗಿದರು, ದನಿ ಒಡೆಯುವಂತೆ ಕೂಗಿದರು. ಗೋಡೆಗೆ ಒರಗಿದ್ದ ದುರ್ಗೇಶ್ ಆಗ ತಲೆ ಎತ್ತಿ ಅವರನ್ನು ನೆಟ್ಟಗೆ ನೋಡಿದ. ನಮಸ್ಕಾರ ಮಾಡಲಿಲ್ಲ. ತಾಯಿಯ ಕೈ ಹಿಡಿದುಕೊಂಡು, "ಯವ್ವಾ, ಹಸಿವಾಗೈತಿ, ನಡಿ," ಎಂದ.