ಉತ್ತರ ಹೇಳಬಾರದ ಕೋಣೆ

“ಏನಾದ್ರೂ ಮಾತಾಡಿ... ಪ್ಲೀಸ್!”

ಅವಳ ದನಿ ಒಡೆದಿತ್ತು. ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ ಆ ಉದ್ದನೆಯ ಹುಡುಗ ಮಾತ್ರ ಕಿಟಕಿಯಾಚೆಗೆ ನೋಡುತ್ತಲೇ ಇದ್ದ.

“ಹೃದಯಕ್ಕೆ ಎಷ್ಟು ಕೋಣೆ ಅಂತ ಕೇಳ್ದೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ತಪ್ಪು ಹೇಳಿ. ಬೈದ್ರೂ ಪರವಾಗಿಲ್ಲ! ಆದ್ರೆ ಹೀಗೆ... ಹೀಗೆ ಗೋಡೆ ಥರ ಕೂರ್ಬೇಡಿ!”

ಹುಡುಗ ತುಟಿ ಬಿಚ್ಚಲಿಲ್ಲ.

ಅವಳು ಎದ್ದೇಬಿಟ್ಟಳು. ಸುತ್ತ ಕೂತವರೆಲ್ಲ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದಂತೆಯೇ, ಮುಖ ಮುಚ್ಚಿಕೊಂಡು ಕೋಣೆಯಿಂದ ಹೊರಗೋಡಿದಳು.

ಅಸಲಿಗೆ ಅದೊಂದು ನಾಟಕ, ಅಷ್ಟೇ! ನರ್ಸಿಂಗ್ ವಿಭಾಗದಲ್ಲಿ ‘ಜೊತೆ ಕಲಿಕೆ’ ಎಂಬ ಯೋಜನೆಯಿತ್ತು. ಮೇಲಿನ ವರ್ಷದವರು ಇಬ್ಬಿಬ್ಬರಾಗಿ ಸೇರಿ ಮೊದಲ ವರ್ಷದವರನ್ನು ಕೂರಿಸಿಕೊಂಡು ಓದಿಸಬೇಕು. ಪಾಠ ಮಾಡುವಂತಿಲ್ಲ, ಉತ್ತರ ಹೇಳುವಂತಿಲ್ಲ. ಪ್ರಶ್ನೆ ಕೇಳಿ ಕೇಳಿ, ಅವರೇ ಉತ್ತರ ಹುಡುಕುವ ಹಾಗೆ ಮಾಡಬೇಕು. ಹಾಗೆ ಮಾಡುವವರಿಗೆ ‘ನಾಯಕರು’ ಎಂಬ ದೊಡ್ಡ ಹೆಸರು. ಅವತ್ತು ಅವರ ತರಬೇತಿಯ ಮೊದಲ ದಿನ. ಬಾಯಿಬಿಡದ ವಿದ್ಯಾರ್ಥಿಯ ಪಾತ್ರ ಆ ಹುಡುಗನ ಪಾಲಿಗೆ ಬಂದಿತ್ತು. ಅವನು ಅದನ್ನು ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಮಾಡಿದ್ದ.

ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದವಳ ಹಿಂದೆ ಹೆಜ್ಜೆ ಸದ್ದಾಯಿತು.

“ಸಾರಿ... ಪಾತ್ರ ನಿಜ ಅನ್ನಿಸ್ಬೇಕು ಅಂತ...”

“ಅನ್ನಿಸ್ತು. ಚಪ್ಪಾಳೆ ತಟ್ಬೇಕಾ?”

“ಬೇಡ. ಕರ್ಚೀಫ್ ಬೇಕಾ?”

“ಬೇಡ!” ಎಂದು ಸೆರಗಿಲ್ಲದ ಸಮವಸ್ತ್ರದ ತೋಳಿಗೇ ಮುಖ ಒರೆಸಿಕೊಂಡು ನಡೆದುಬಿಟ್ಟಳು.

ಪಾಪ, ಅವನಿಗೇನು ಗೊತ್ತು? ಅವಳ ಮನೆಯಲ್ಲಿ ಮಾತಾಡದೆ ಕಿಟಕಿಯಾಚೆ ನೋಡುತ್ತಾ ಕೂರುವವರು ಆಗಲೇ ಒಬ್ಬರಿದ್ದರು.

ಅವಳ ಅಪ್ಪ. ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಗೊತ್ತು ಕೂಗಿ ಹೇಳುವುದು ಅವರ ಕೆಲಸ. ಊರಿಗೆ ಊರೇ ಅವರ ಮುಖ ಕಂಡಿರಲಿಲ್ಲ, ದನಿ ಮಾತ್ರ ಎಲ್ಲರಿಗೂ ಗೊತ್ತು. ಕಳೆದ ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿದು ಆ ದನಿಯೇ ಹೋಯಿತು. ಬಲಗೈ ನಿಧಾನಕ್ಕೆ ಚೇತರಿಸಿಕೊಂಡಿತು, ಮಾತು ಬರಲಿಲ್ಲ. ಒಂದು ಪದ ಆಡಲು ಹೊರಟರೆ ಇನ್ನೊಂದು ಪದ ಬರುವುದು. ಅದಕ್ಕೆ ನಾಚಿ ಅವರು ಸುಮ್ಮನಾಗಿಬಿಡುವರು.

ಅಮ್ಮ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮಧ್ಯಾಹ್ನದ ಪಾಳಿಗೆ ಹೋಗುತ್ತಿದ್ದಳು. ಹಾಗಾಗಿ ಮಗಳಿಗೆ ಬೆಳಗ್ಗೆ ವಾರ್ಡು, ಆಮೇಲೆ ತರಗತಿ, ಸಂಜೆ ಅಪ್ಪ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡರೆ ಯಾರೋ ದೂರದ ನೆಂಟರ ಹಾಗೆ ಕಾಣುತ್ತಿತ್ತು.

ಇಂಥವಳು ಯಾಕಾದರೂ ಈ ನಾಯಕಿಯ ಪಟ್ಟ ಒಪ್ಪಿಕೊಂಡಳು? ಯೋಜನೆ ನೋಡಿಕೊಳ್ಳುತ್ತಿದ್ದ ಮೇಡಂ ಮೆಟ್ಟಿಲ ಮೇಲೆ ಹಿಡಿದು, “ನೀನು ಬರ್ಬೇಕು ಕಣಮ್ಮ, ನಿನ್ನ ಕೈಲಾಗುತ್ತೆ” ಎಂದಿದ್ದರು. ಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ. ಹೂಂ ಎಂದಳು.

ಜೊತೆಗಾರನಾಗಿ ಸಿಕ್ಕಿದ್ದು ಯಾರು ಅಂತೀರಿ? ಅದೇ ಉದ್ದನೆಯ ಹುಡುಗ! ಕೊನೆಯ ವರ್ಷದವನು. ವಾರ್ಡಿನಲ್ಲಿ ಎಲ್ಲರೂ ಅವನನ್ನು ‘ಲಂಬು’ ಎನ್ನುತ್ತಿದ್ದರು.

*ದೇವರೇ, ಗೋಡೆ ಜೊತೆಗೆ ನನ್ನ ಗಂಟು ಹಾಕಿದ್ಯಲ್ಲಾ...*

ಮೊದಲ ತರಗತಿ ನೆಲಕಚ್ಚಿತು. ಮೊದಲ ವರ್ಷದವರು ಮಿಕಿಮಿಕಿ ನೋಡುತ್ತಾ ಕೂತರು. ಆ ಮೌನ ತಡೆಯಲಾರದೆ ಅವಳು ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿ, ಕೊನೆಗೆ ಇಡೀ ಪಾಠವನ್ನೇ ಒಪ್ಪಿಸಿಬಿಟ್ಟಳು. ಲಂಬು ಮೂಲೆಯಲ್ಲಿ ನಿಂತು ಒಂದು ಮಾತೂ ಆಡಲಿಲ್ಲ.

“ನಾನು ಒದ್ದಾಡ್ತಿದ್ರೆ ನೀವು ಆರಾಮಾಗಿ ನೋಡ್ತಿದ್ರಿ!” ಎಂದಳು ಕುರ್ಚಿ ಎತ್ತಿಡುತ್ತಾ.

“ಮಧ್ಯ ಬಾಯಿ ಹಾಕಿದ್ರೆ ನಿಮಗೆ ಅವಮಾನ ಆಗುತ್ತೇನೋ ಅಂದ್ಕೊಂಡೆ.”

“ಈಗ ಆಗಿಲ್ವಾ?”

ಅವನು ತಲೆ ಕೆರೆದುಕೊಂಡ. “ಮುಂದಿನ ಸಲ ಪುಸ್ತಕ ಮುಚ್ಚಿಟ್ಟು ಕುರ್ಚಿ ಜೋಡಿಸೋಣ್ವಾ?”

ಜೋಡಿಸಿದರು. ಕುರ್ಚಿಗಳನ್ನು ಸಾಲಾಗಿ ಇಟ್ಟು ನೆಲದ ಮೇಲೆ ಒಂದು ದೊಡ್ಡ ಹೃದಯ ಕಟ್ಟಿದರು. ಮೇಲೆ ಎರಡು ಕೋಣೆ, ಕೆಳಗೆ ಎರಡು. ಕರಿಹಲಗೆಯ ಪಕ್ಕ ಶ್ವಾಸಕೋಶ. ಹುಡುಗ ಹುಡುಗಿಯರೇ ರಕ್ತ! ಬಲಗಡೆ ಮೇಲಿನ ಕೋಣೆಯಿಂದ ಒಳಗೆ ಬಂದವರು, ಎಲ್ಲಿಗೆ ಹೋಗಬೇಕೆಂದು ತಾವೇ ಜಗಳಾಡಿ ತೀರ್ಮಾನಿಸಬೇಕು.

“ಏಯ್, ಶ್ವಾಸಕೋಶಕ್ಕೆ ಹೋಗ್ದೆ ಎಡಗಡೆಗೆ ಯಾಕೋ ನುಗ್ತೀಯ? ಉಸಿರೇ ತಗೊಂಡಿಲ್ಲ ನೀನು!”

“ಬಾಗಿಲಲ್ಲಿ ಸಿಕ್ಕಾಕ್ಕೊಂಡಿದ್ದೀನಿ ಕಣೇ, ದಾರಿ ಬಿಡು!”

“ಆ ಬಾಗಿಲು ಒಂದೇ ಕಡೆ ತೆರ್ಯೋದು. ವಾಪಸ್ ಬಂದ್ರೆ ರೋಗಿ ಕಥೆ ಮುಗೀತು!”

ಕೋಣೆ ತುಂಬ ನಗು. ಅವಳೂ ನಕ್ಕಳು. ಲಂಬು ಅವಳನ್ನೇ ನೋಡುತ್ತಿದ್ದ. ಅವಳಿಗೆ ಗೊತ್ತಾಗಲಿಲ್ಲ, ಕತೆ ಹೇಳುವ ನನಗೆ ಗೊತ್ತು.

ಆ ಗುಂಪಿನಲ್ಲಿ ಒಬ್ಬಳು ಹುಡುಗಿ ಯಾವತ್ತೂ ಬಾಯಿಬಿಟ್ಟವಳಲ್ಲ. ಒಂದು ದಿನ ನಾಯಕಿ ಅವಳ ಎದುರು ಕೂತು, “ಈ ರಕ್ತ ಎಡಗಡೆ ಕೆಳಗಿನ ಕೋಣೆಯಿಂದ ಎಲ್ಲಿಗೆ ಹೋಗುತ್ತೆ ಅನ್ಸುತ್ತೆ?” ಎಂದು ಕೇಳಿದಳು. ಹುಡುಗಿ ತಲೆ ತಗ್ಗಿಸಿದಳು. ನಾಯಕಿ ಈ ಸಲ ಓಡಲಿಲ್ಲ, ಉತ್ತರ ಹೇಳಿಕೊಡಲೂ ಇಲ್ಲ. ಕಾದಳು. ಪಕ್ಕದವರು ಪಿಸುಗುಟ್ಟಲು ಹೋದರೆ ಕೈಸನ್ನೆಯಲ್ಲೇ ತಡೆದಳು. ಕಾಯುತ್ತಲೇ ಇದ್ದಳು...

“ಮೈಗೆಲ್ಲ... ಹೋಗುತ್ತೆ ಅಕ್ಕಾ. ಎಡಗಡೆ ಗೋಡೆ ದಪ್ಪ ಇರೋದು ಅದಕ್ಕೇ ಅಲ್ವಾ?”

ಅದು ಪುಸ್ತಕದಲ್ಲಿ ಮುಂದಿನ ಪುಟದ ಮಾತು! ಹುಡುಗಿ ಅದನ್ನು ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದಳೋ.

ಎಲ್ಲರೂ ಹೋದ ಮೇಲೆ ಲಂಬು ಕೇಳಿದ. “ಅಷ್ಟು ಹೊತ್ತು ಹೇಗೆ ಕಾದ್ರಿ? ನಂಗೇ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ.”

“ಮನೇಲಿ ಅಭ್ಯಾಸ ಆಗಿದೆ,” ಎಂದಳು. ಹಾಗೆಂದವಳು ಅಲ್ಲಿಗೇ ನಿಲ್ಲಿಸಬೇಕೆಂದಿದ್ದಳು. ಆದರೆ ಕುರ್ಚಿಗಳ ಆ ಹೃದಯದ ನಡುವೆ ಕೂತು ಅಪ್ಪನ ವಿಷಯ ಎಲ್ಲಾ ಹೇಳಿಬಿಟ್ಟಳು. “ಮಾತು ಕಲಿಸೋ ಡಾಕ್ಟರಮ್ಮ ಹೇಳಿದ್ದಾರೆ, ಅವರ ಪದ ನೀವು ಪೂರ್ತಿ ಮಾಡ್ಬೇಡಿ, ಕಾಯಿರಿ ಅಂತ. ಕಾಯ್ತೀನಿ. ಒಂದೊಂದ್ ಸಲ ಕಾದು ಕಾದು... ಕಿರುಚ್ಬೇಕು ಅನ್ಸುತ್ತೆ.”

ಅವನ ಮುಖ ಬಿಳಿಚಿಕೊಂಡಿತು. “ಅವತ್ತು ತರಬೇತೀಲಿ ನಾನು...”

“ಬಿಡಿ. ನಿಮ್ಮ ಮೇಲಲ್ಲ ನಾನು ಕಿರುಚಿದ್ದು.”

ಅವತ್ತಿನಿಂದ ಇಬ್ಬರೂ ಬಸ್ಸಿನವರೆಗೆ ಜೊತೆಗೆ ನಡೆಯತೊಡಗಿದರು. ಜಾಸ್ತಿ ಮಾತೇನಿಲ್ಲ. ಅವಳ ಚೀಲ ಅವನ ಹೆಗಲಲ್ಲಿರುತ್ತಿತ್ತು. ಆ ಹೊತ್ತಿಗಷ್ಟೇ ತನ್ನ ಹೆಗಲು ಹಗುರ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆದರೆ ದಣಿವಿಗೆ ಪ್ರೀತಿ ಗೀತಿ ಗೊತ್ತಾಗುವುದಿಲ್ಲ ನೋಡಿ. ಒಂದು ತರಗತಿಯಲ್ಲಿ ಹುಡುಗರು ಗುಂಪಾಗಿ ಚರ್ಚಿಸುತ್ತಿದ್ದಾಗ ಅವಳು ಗೋಡೆಗೊರಗಿ ನಿಂತಲ್ಲೇ ನಿದ್ದೆ ಹೋದಳು. ಮಂಡಿ ಕುಸಿದಾಗ ಲಂಬು ಹಿಡಿದುಕೊಂಡ. “ನೆಲ ಜಾರುತ್ತೆ, ಹುಷಾರು” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅವಳ ಮಾನ ಕಾಪಾಡಿದ.

ಮರುದಿನ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆಸಿದರು.

“ನಿನ್ನ ಜೊತೆಗಾರ ಬಂದು ಹೇಳ್ದ. ನಿಂಗೆ ತುಂಬಾ ಸುಸ್ತಾಗ್ತಿದೆಯಂತೆ. ಉಳಿದ ತರಗತಿಗಳಿಗೆ ಬೇರೆಯವರನ್ನ ಹಾಕ್ಲಾ ಅಂತ ಯೋಚಿಸ್ತಿದ್ದೀನಿ. ಬೇಜಾರು ಮಾಡ್ಕೋಬೇಡ.”

*ಅವನಾ? ಅವನೇ ಬಂದು ಹೇಳಿದ್ನಾ?*

ವಾರ್ಡಿನ ಹೊರಗೆ, ಚಾದರ ತುಂಬಿದ ಗಾಡಿ ತಳ್ಳುತ್ತಿದ್ದವನನ್ನು ಅಡ್ಡಗಟ್ಟಿದಳು.

“ನಾನು ಕೆಲಸಕ್ಕೆ ಬಾರದವಳು ಅಂತ ನಂಗೇ ಹೇಳ್ಬಹುದಿತ್ತಲ್ಲ?”

“ನಾನು ಹಾಗೆ ಹೇಳಿಲ್ಲ. ನಿಮಗೆ ಸ್ವಲ್ಪ...”

“ಮೊದಲ ವರ್ಷದ ಮಕ್ಕಳಿಗೆ ಒಂದು ಪದದ ಉತ್ತರ ಕೂಡ ಕೊಡಲ್ಲ ನೀವು! ಅವರೇ ಯೋಚಿಸ್ಲಿ ಅಂತೀರಿ. ನನ್ನ ಜೀವನದ ಉತ್ತರ ಮಾತ್ರ ನನ್ನ ಕೇಳ್ದೇನೇ ಬರ್ದು ಕೊಟ್ಬಿಟ್ರಲ್ಲಾ!”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ದಾದಿಯರ ಮುಖ್ಯಸ್ಥೆ ಚಾದರಕ್ಕಾಗಿ ಕೂಗಿದರು.

“ಹೋಗಿ. ನಂಗೂ ಸಾಕಾಗಿದೆ,” ಎಂದಳು. “ಒಂದು ಕಡೆ ಆದ್ರೂ ನಾನು ಬೇಕಾದವಳು ಅನ್ನಿಸ್ತಿತ್ತು. ಅದನ್ನೂ ಕಿತ್ಕೊಂಡ್ರಿ.”

ಆಮೇಲೆ ಅವಳು ಆ ಕೋಣೆಗೆ ಹೋಗಲಿಲ್ಲ. ಅವನ ಫೋನ್ ತೆಗೆಯಲಿಲ್ಲ. ಬಸ್ಸಿಗೆ ಬೇರೆ ದಾರಿ ಹಿಡಿದಳು. ಉಳಿದ ಹೊತ್ತಿನಲ್ಲಿ ನಿದ್ದೆ ಮಾಡಬಹುದಿತ್ತು... ನಿದ್ದೆ ಬಂದರೆ ತಾನೇ!

ವಾರ ಕಳೆದ ಮೇಲೆ, ಅಮ್ಮನಿಗೆ ರಜೆಯಿದ್ದ ಒಂದು ಸಂಜೆ, ಅವಳು ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೆಳಗಿನಿಂದ ಅಮ್ಮ ಕೂಗಿದಳು. “ಯಾರೋ ನಿನ್ನ ಕೇಳ್ಕೊಂಡು ಬಂದಿದ್ದಾರೆ ನೋಡೇ. ಬಾಗಿಲಿಗೆ ತಲೆ ತಾಗಿಸ್ಕೊಂಡ ಪಾಪ!”

ಬಟ್ಟೆ ಹೊತ್ತು ಇಳಿದು ಬಂದವಳು ಬಾಗಿಲ ಪರದೆಯ ಹಿಂದೆಯೇ ನಿಂತುಬಿಟ್ಟಳು.

ಲಂಬು ನಿಂತಿದ್ದ. ಎದುರಿಗೆ ಕುರ್ಚಿಯಲ್ಲಿ ಅಪ್ಪ. ಬಂದವನಿಗೆ ಏನೋ ಹೇಳಬೇಕೆಂದು ಅವರ ತುಟಿ ಅದುರುತ್ತಿತ್ತು. ಮನೆಗೆ ಬಂದವರೆಲ್ಲ ಈ ಘಳಿಗೆಯಲ್ಲಿ, “ಇರ್ಲಿ ಬಿಡಿ, ತ್ರಾಸ ತಗೋಬೇಡಿ” ಎಂದು ಅವರ ಮಾತನ್ನು ಅಲ್ಲೇ ಮುಗಿಸಿಬಿಡುತ್ತಿದ್ದರು. ಲಂಬು ಹಾಗೆನ್ನಲಿಲ್ಲ. ಅವರ ಮಟ್ಟಕ್ಕೆ ಬಾಗಿ, ಮೊಣಕಾಲೂರಿ, ಅವರ ಮುಖವನ್ನೇ ನೋಡುತ್ತಾ ಕಾದ. ಅವಸರವಿಲ್ಲ. ಕನಿಕರದ ನಗುವೂ ಇಲ್ಲ.

ಅಪ್ಪ ಕಣ್ಣು ಮುಚ್ಚಿ, ಉಸಿರೆಳೆದು, ಗಟ್ಟಿಯಾಗಿ ಹೇಳಿದರು. “ಹೊ... ಹೊರಡಲಿದೆ!”

ಲಂಬು ಗಾಬರಿಯಾಗಿ ಎದ್ದ. “ಹೊರಡ್ತೀನಿ ಸರ್. ತೊಂದ್ರೆ ಕೊಟ್ಟೆ, ಕ್ಷಮಿಸಿ...”

ಅವಳಿಗೆ ತಡೆಯಲಾಗಲಿಲ್ಲ. ಪರದೆಯ ಹಿಂದಿನಿಂದ ನಗು ಉಕ್ಕಿಬಂತು. ಹೊಟ್ಟೆ ಹಿಡಿದುಕೊಂಡು ನಗುತ್ತಾ, ಕಣ್ಣಲ್ಲಿ ನೀರು ಹರಿಸುತ್ತಾ ಒಳಗೆ ಬಂದಳು.

“ಕೂತ್ಕೊಳ್ಳಿ ಅಂತ ಹೇಳೋಕೆ ಹೋದ್ರು ಅವ್ರು! ಬಾಯಿಗೆ ಬರೋದು ಮಾತ್ರ ರೈಲಿನ ಮಾತೇ!”

ಅಪ್ಪನಿಗೂ ಅರ್ಥವಾಯಿತು. ಭುಜ ಕುಲುಕತೊಡಗಿತು. ಸೊಟ್ಟ ಬಾಯಲ್ಲಿ ಅವರು ನಕ್ಕಿದ್ದು ಎಷ್ಟು ತಿಂಗಳ ಮೇಲೋ! ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಳು.

ಟೀ ಕುಡಿದ ಮೇಲೆ ಅವನನ್ನು ಬೀಳ್ಕೊಡಲು ಅವಳು ಹೊರಮೆಟ್ಟಿಲವರೆಗೆ ಬಂದಳು. ಬೀದಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು.

“ನಿಮ್ಮನ್ನೇ ಕೇಳ್ಬೇಕಿತ್ತು,” ಎಂದ ಅವನು. “ಎರಡನೇ ವರ್ಷದಲ್ಲಿ ನಾನು ಸುಸ್ತಾಗಿ ವಾರ್ಡಲ್ಲೇ ಬಿದ್ದುಹೋದೆ. ಎಲ್ಲರಿಗೂ ‘ಚೆನ್ನಾಗಿದ್ದೀನಿ’ ಅಂತಾನೇ ಹೇಳ್ಕೊಂಡ್ ಓಡಾಡ್ತಿದ್ದೆ. ಓದಿನ ಒಂದು ವರ್ಷಾನೇ ಹಾಳಾಯ್ತು. ನಿಮ್ಮ ಮಂಡಿ ಕುಸಿದಾಗ... ಹೆದರಿಬಿಟ್ಟೆ.”

“ಹೆದರಿಕೆ ಆದ್ರೆ ನನ್ ಹತ್ರ ಹೇಳ್ಬೇಕು. ಮೇಡಂ ಹತ್ರ ಅಲ್ಲ.”

“ಹೌದು. ತಪ್ಪು ನಂದೇ.”

ಅವನು ಮತ್ತೆ ಸಮಜಾಯಿಷಿ ಕೊಡಲಿಲ್ಲ. ಅವಳ ಸಿಟ್ಟಿಗೆ ಆತುಕೊಳ್ಳಲು ಜಾಗವೇ ಸಿಗಲಿಲ್ಲ.

“ನಾಳೆ ಮೇಡಂ ಹತ್ರ ನಾನೇ ಹೋಗ್ತೀನಿ,” ಎಂದಳು ಕೊನೆಗೆ. “ವಾರಕ್ಕೆ ಎರಡು ತರಗತಿ ನನ್ನಿಂದಾಗಲ್ಲ, ನಿಜ. ಒಂದು ಮಾಡ್ತೀನಿ. ಪೂರ್ತಿ ಬಿಡಲ್ಲ.”

“ಆ ಬಾಯಿಬಿಡದ ಹುಡುಗಿ ಈಗ ಪ್ರತಿ ಸಲಾನೂ ಕೇಳ್ತಾಳೆ, ಅಕ್ಕ ಎಲ್ಲಿ ಅಂತ.”

“ಅವಳೊಬ್ಳೇನಾ?”

ಅವನ ಕಿವಿ ಕೆಂಪಾಯಿತು. ಒಂದು ಮೆಟ್ಟಿಲು ಇಳಿದ. ಮತ್ತೆ ಹತ್ತಿದ.

“ನಂಗೆ ನೀವಂದ್ರೆ ಇಷ್ಟ,” ಎಂದ ಒಂದೇ ಉಸಿರಿಗೆ. “ಮೊದಲೇ ಹೇಳ್ಬೇಕಿತ್ತು. ಅದನ್ನೂ ಹೇಳ್ಲಿಲ್ಲ.”

ಅವಳು ಮೆಟ್ಟಿಲ ಮೇಲೆ ಕೂತಳು.

“ನೋಡಿ... ನಂಗೆ ಸುತ್ತಾಡೋಕೆ ಆಗಲ್ಲ. ಫೋನ್ ಹಿಡಿದ್ರೆ ಮಾತಿನ ಮಧ್ಯಾನೇ ನಿದ್ದೆ ಹೋಗ್ತೀನಿ. ಪ್ರೀತಿ ಮಾಡೋಕೂ ಶಕ್ತಿ ಉಳಿದಿಲ್ಲ ನನ್ನಲ್ಲಿ.”

“ನನ್ನಲ್ಲೂ ಅಷ್ಟೇನಿಲ್ಲ,” ಎನ್ನುತ್ತಾ ಅವನು ಪಕ್ಕದಲ್ಲಿ ಕೂತ. “ಬೆಳಗ್ಗೆಯಿಂದ ವಾರ್ಡಲ್ಲಿ ನಿಂತೇ ಇದ್ದೀನಿ. ಕಾಲು ಬಿದ್ದು ಹೋಗ್ತಿದೆ. ಇರೋದ್ರಲ್ಲೇ ಸ್ವಲ್ಪ ಸ್ವಲ್ಪ ಮಾಡೋಣ.”

ಅವಳಿಗೆ ನಗು ಬಂತು. ನಗುತ್ತಲೇ ತಲೆ ತಾನಾಗಿ ಅವನ ತೋಳಿಗೆ ವಾಲಿತು. ಹೆಗಲಿಗೆ ಎಟುಕಲಿಲ್ಲ, ಅಷ್ಟು ಉದ್ದ ಅವನು. ಸ್ವಲ್ಪ ಹೊತ್ತು ನೋಡಿ, ಅವನೇ ಕುಗ್ಗಿ ಕೂತು ಹೆಗಲು ಕೊಟ್ಟ.

“ಇಲ್ಲೇ ನಿದ್ದೆ ಬಂದ್ಬಿಟ್ರೆ?”

“ಮಲ್ಕೊಳ್ಳಿ.”

“ನಿಮ್ಮ ಬಸ್ಸು ತಪ್ಪುತ್ತೆ.”

“ಇನ್ನೊಂದು ಬರುತ್ತೆ.”

“ಇಷ್ಟ ಅಂತ... ನಾನೂ ಹೇಳ್ಬೇಕಾ?”

“ಎದ್ದ ಮೇಲೆ ಹೇಳಿ. ಅವಸರ ಇಲ್ಲ.”

“ಇಲ್ಲ, ಈಗ್ಲೇ ಹೇಳ್ತೀನಿ,” ಎಂದಳು, ಕಣ್ಣು ಮುಚ್ಚಿಕೊಂಡೇ. “ನಂಗೂ ನೀನಂದ್ರೆ ಇಷ್ಟ.”

ಅವನು ಬಗ್ಗಿ ಅವಳ ಮುಖ ನೋಡಿದ. “ಈಗ... ‘ನೀನು’ ಅಂದ್ಯಾ?”

“ಅಂದೆ. ಸುಮ್ನೆ ಕೂತ್ಕೋ, ನಿದ್ದೆ ಬರ್ತಿದೆ.”