ಅಜ್ಜಿಗೆ ಅರ್ಥವಾಗುವ ಮಾತು

ಮೇಣ ಬಳಿದ ನೆಲವನ್ನು ತೆಂಗಿನ ಸಿಪ್ಪೆಯಿಂದ ಉಜ್ಜುವಾಗ ಏಳುವ ವಾಸನೆ ನನ್ನ ಬಾಲ್ಯದ್ದು. ಶನಿವಾರ ಬಂತೆಂದರೆ ಮನಿಲಾ ಬಳಿಯ ಮಲೋಲೋಸ್‌ನ ನಮ್ಮ ಮರದ ಮನೆಯ ತುಂಬ ಅದೇ. ನನ್ನ ಕಾಲೇಜು ಮುಗಿದ ವರ್ಷ, ಆ ಹೊಳೆಯುವ ನೆಲದ ಮೇಲೆ ಎಲ್ಪಿಡಿಯೊ ಬಂದು ನಿಂತ, ಶೂ ಕೈಯಲ್ಲಿ ಹಿಡಿದುಕೊಂಡು.

ಅವನು ಸೆಬು ದ್ವೀಪದವನು, ಅವನ ಮನೆಮಾತೇ ಬೇರೆ. ಮನಿಲಾದ ಕಾಲೇಜಿನಲ್ಲಿ ನಾವಿಬ್ಬರೂ ಇಂಗ್ಲಿಷಿನಲ್ಲೇ ಹರಟಿ, ಇಂಗ್ಲಿಷಿನಲ್ಲೇ ಜಗಳವಾಡಿ ಹತ್ತಿರವಾದವರು. ನಮ್ಮ ಫಿಲಿಪಿನೊ ಭಾಷೆ ಅವನಿಗೆ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ನಮ್ಮ ಕಡೆ ಹುಡುಗಿಯನ್ನು ಒಲಿಸಿಕೊಳ್ಳುವವನು ಅವಳ ಮನೆಗೇ ಬರಬೇಕು, ಹಿರಿಯರೊಬ್ಬರ ಕಿವಿಗೆ ಬೀಳುವಂತೆ ಮಾತಾಡಬೇಕು. ನಮಗೆ ಕಾವಲು ಕೂತವರು ಅಪ್ಪನ ತಾಯಿ, ನನ್ನ ಅಜ್ಜಿ. ಅಪ್ಪನನ್ನು ಮೆಚ್ಚಿಸಲೆಂದು ಎಲ್ಪಿಡಿಯೊ ತನ್ನ ಒಳ್ಳೆಯ ಇಂಗ್ಲಿಷನ್ನೆಲ್ಲ ಹೊರತೆಗೆದ. ಅದೇ ಎಡವಟ್ಟಾಯಿತು.

"ನಮ್ಮಮ್ಮನಿಗೆ ಅರ್ಥವಾಗದ್ದನ್ನ ಈ ಮನೇಲಿ ಆಡೋ ಹಾಗಿಲ್ಲ," ಎಂದರು ಅಪ್ಪ. ಕ್ರಿಸ್ಮಸ್ ಒಳಗೆ ಅವನು ನಮ್ಮ ಭಾಷೆಯಲ್ಲಿ ಹೆಣ್ಣು ಕೇಳದಿದ್ದರೆ ನೋಟರಿಯ ಮಗನಿಗೆ ನನ್ನನ್ನು ಕೊಡುವುದಾಗಿಯೂ ಹೇಳಿದರು.

ನಾನು ಹೆದರಲಿಲ್ಲ. ಅಪ್ಪನ ಕಣ್ಣೆದುರೇ, ಹಜಾರದಲ್ಲೇ ಪಾಠ ಶುರುಮಾಡಿದೆ. ನಮ್ಮ ವಾಕ್ಯದಲ್ಲಿ ಕೆಲಸದ ಪದ ಮೊದಲು, ಮಾಡುವವರು ಆಮೇಲೆ. ಅವನ ಭಾಷೆಯಲ್ಲೂ ಹಾಗೇ ಇದ್ದುದರಿಂದ ಅದು ಸುಲಭವಾಯಿತು. ಕಷ್ಟವಾದದ್ದು ಪದಗಳು. ಇರುವೆಗೆ ನಾವು ಅನ್ನುವ ಹೆಸರು ಅವನ ಊರಿನಲ್ಲಿ ಹಕ್ಕಿಯದಂತೆ.

"ಹಾಗಾದ್ರೆ ನಿಮ್ಮ ಸಕ್ಕರೆ ಡಬ್ಬಿಗೆ ಹಕ್ಕಿ ಮುತ್ತುತ್ತವೆ," ಎಂದು ಅವನು ಹುಬ್ಬೇರಿಸಿದ. ನಾನು ಗದರುವಂತೆ ನೋಡಿದೆ. ಅವನು ಆ ನೋಟವನ್ನೇ ಕಾಯುತ್ತಿದ್ದವನಂತೆ ತಲೆ ತಗ್ಗಿಸಿ ನಕ್ಕ. ಕಣ್ಣು ಮುಚ್ಚಿ ಕೂತಿದ್ದ ಅಜ್ಜಿಯ ಭುಜ ಕುಲುಕಿತು. ಅವನು ತಡವರಿಸಿದಾಗಲೆಲ್ಲ ಅವರು ಕೆಮ್ಮುವ ನೆಪದಲ್ಲಿ ಪದ ಎತ್ತಿಕೊಡುತ್ತಿದ್ದರು.

ಡಿಸೆಂಬರಿನ ಒಂದು ಭಾನುವಾರ, ಊಟಕ್ಕೆ ಕೂತ ಅಪ್ಪ ತಟ್ಟೆ ಮುಟ್ಟದೆ, ಕೇಳುವುದಿದ್ದರೆ ಈಗಲೇ ಕೇಳು ಎಂದರು.

ಎದುರಿಗೆ ಕೂತಿದ್ದ ಎಲ್ಪಿಡಿಯೊ ಎದ್ದು ನಿಂತ. ಬಾಯಿಪಾಠ ಮಾಡಿದ್ದ ಚೆಂದದ ಮಾತೆಲ್ಲ ಮರೆತುಹೋಗಿತ್ತು.

"ತರ್ತೇನೆ ನಾನು ನೀರು," ಎಂದ ಮೆಲ್ಲಗೆ. "ಬೇಯಿಸ್ತೇನೆ ನಾನು ಅನ್ನ. ಬಿಡಲ್ಲ ನಾನು ಇವಳನ್ನ. ಇಷ್ಟೇ ಬರೋದು ನನಗೆ."

"ಎಳೆ ಮಗುವಿನ ಮಾತು," ಎಂದರು ಅಪ್ಪ. "ಇದಕ್ಕೆ ಮಗಳನ್ನ ಕೊಡ್ಬೇಕಾ?"

ನಾನೂ ಎದ್ದು ಅವನ ಪಕ್ಕ ನಿಂತೆ. "ಕೊಡೋದು ಬಿಡೋದು ನಿಮಗೆ ಸೇರಿದ್ದು, ಅಪ್ಪ. ಹೋಗೋದು ನನಗೆ ಸೇರಿದ್ದು. ಓಡಿಹೋಗಲ್ಲ. ನಿಮ್ಮೆದುರಿಗೇ, ಈ ಬಾಗಿಲಿಂದಲೇ ಇವನ ಜೊತೆ ಹೋಗ್ತೀನಿ."

ಅಪ್ಪ ಅಜ್ಜಿಯ ಕಡೆ ತಿರುಗಿದರು. ಅವನ ಮಾತು ನಿಮಗೇನಾದರೂ ಅರ್ಥವಾಯಿತೇ ಎಂದು ಕೇಳಿದರು.

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದರು. ಅಪ್ಪನ ಮುಂದಿದ್ದ ತಟ್ಟೆಯನ್ನು, ಬಿಸಿ ಅನ್ನ, ಹುರಿದ ಮೀನು ಸಮೇತ, ಎತ್ತಿಕೊಂಡು ಬಂದು ಎಲ್ಪಿಡಿಯೊನ ಕೈಗಿತ್ತರು.